ಬಚ್ಚಲಿನ ಬಳ್ಳಿ

ಕನ್ನಡಕದ ಅಂಗಡಿ ಇಟ್ಟುಕೊಂಡವನಿಗೆ ಕಣ್ಣೆದುರು ಇರುವುದು ಕಾಣುವುದಿಲ್ಲ ಎಂದರೆ ಯಾರಾದರೂ ನಗುತ್ತಾರೆ. ಅವನ ಹೆಂಡತಿ ಮಾತ್ರ ನಗುವುದನ್ನು ಎಂದೋ ಬಿಟ್ಟಿದ್ದಳು. ಗಿರಾಕಿಯನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿ ಎಂದು ಹೇಳಿ, ಆತ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ತಡವರಿಸಿಕೊಂಡು ಬರುವಷ್ಟರಲ್ಲಿ ಈ ಮಹಾಶಯ ಮೇಜಿನ ಕೆಳಗೆ ಫೋನು ಹಿಡಿದುಕೊಂಡು ಒಂದು ಆಟ ಮುಗಿಸಿರುತ್ತಿದ್ದ. ಗಿರಾಕಿ ತಪ್ಪು ಓದಿದರೂ ಭೇಷ್ ಎನ್ನುತ್ತಿದ್ದ. ಭೇಷ್ ಅಂದದ್ದು ಗಿರಾಕಿಗೋ ತನಗೋ ಅವನಿಗೇ ಗೊತ್ತಿರುತ್ತಿರಲಿಲ್ಲ.

ಆಟವೇನು ದೊಡ್ಡದಲ್ಲ. ಪರದೆಯ ತುಂಬ ಚೌಕ ಚೌಕ ಬಿಲ್ಲೆಗಳು. ಒಂದೊಂದರ ಮೇಲೂ ಕೊಳವೆಯ ಒಂದು ತುಂಡು. ಕೆಲವು ನೆಟ್ಟಗೆ, ಕೆಲವು ಬಾಗಿದವು, ಕೆಲವಕ್ಕೆ ಮೂರು ಬಾಯಿ. ಬೆರಳಿನಿಂದ ಮುಟ್ಟಿದರೆ ಬಿಲ್ಲೆ ನಿಂತಲ್ಲೇ ಕಾಲು ಸುತ್ತು ತಿರುಗುತ್ತದೆ, ಜಾಗ ಬಿಟ್ಟು ಕದಲುವುದಿಲ್ಲ. ಹೀಗೆ ತಿರುಗಿಸುತ್ತ ತಿರುಗಿಸುತ್ತ ಬಾಯಿಗೆ ಬಾಯಿ ಕೂಡಿಸಿ, ಎಲ್ಲಿಯೂ ತೆರೆದ ಬಾಯಿ ಉಳಿಯದಂತೆ ಮಾಡಿದರೆ ನೀಲಿ ನೀರು ಗುಳುಗುಳು ಹರಿದು, ಗಂಟೆ ಬಾರಿಸಿ, 'ಅದ್ಭುತ!' ಎಂಬ ಅಕ್ಷರ ಕುಣಿಯುತ್ತದೆ. ಅಲ್ಲಿಗೆ ಒಂದು ಮಟ್ಟ ಮುಗಿಯಿತು, ಮುಂದಿನದು ಶುರು. ಸೋಲೆಂಬುದಿಲ್ಲ, ಗಡುವಿಲ್ಲ, ಎದುರಾಳಿಯಿಲ್ಲ. ಕೈಗೂಸಿಗೆ ಕೊಟ್ಟರೂ ಯಾವತ್ತೋ ಒಂದು ದಿನ ಮುಗಿಸೀತು. ಆದರೆ ಮದುವೆಯಾದಾಗಿನಿಂದ ಈ ಮನುಷ್ಯನಿಗೆ ಯಾರೂ ಅದ್ಭುತ ಎಂದಿರಲಿಲ್ಲ. ಅದಕ್ಕೂ ಮೊದಲು ಅಂದವರ ಸುದ್ದಿಯೂ ಇಲ್ಲ. ಈಗ ಬೇಕೆನಿಸಿದಷ್ಟು ಸಲ ಅನ್ನಿಸಿಕೊಳ್ಳುತ್ತಿದ್ದ.

ಹೆಂಡತಿ ಒಂದು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂರುವವಳು. ಅಲ್ಲಿ ಎಲ್ಲರೂ ಅವಳನ್ನು ಕೌಂಟರಕ್ಕ ಎಂದೇ ಕರೆಯುವುದು, ನಾವೂ ಹಾಗೇ ಕರೆದರೆ ಅವಳು ಬೇಜಾರು ಮಾಡಿಕೊಳ್ಳುವುದಿಲ್ಲ. ಗಂಡನ ಆಟವನ್ನು ಅವಳು ಇಷ್ಟು ದಿನ ಗೊರಕೆಯ ಹಾಗೆ ಸಹಿಸಿಕೊಂಡಿದ್ದಳು. ಅದು ಫೋನು ಬಿಟ್ಟು ನೆಲಕ್ಕೆ ಇಳಿದದ್ದು ಅವಳ ತಾಯಿಯ ದೆಸೆಯಿಂದ.

ತಾಯಿ ಇದ್ದದ್ದು ಮಗನ ಮನೆಯಲ್ಲಿ, ಮೂರನೇ ಮಹಡಿ, ಲಿಫ್ಟಿಲ್ಲದ ಕಟ್ಟಡ. ಮಂಡಿ ಸವೆದು ಹೋಗಿ, ಹತ್ತಿದ ಮೇಲೆ ಇಳಿಯುವ ಮಾತೇ ಇರಲಿಲ್ಲ; ಬೀದಿಯನ್ನು ಕಿಟಕಿಯಿಂದ ನೋಡಿದರೆ ನೋಡಿದ ಹಾಗೆ. ಒಂದು ದಿನ ನೆಂಟರಿಷ್ಟರೆಲ್ಲ ಅಲ್ಲಿ ಊಟಕ್ಕೆ ಸೇರಿದ್ದಾಗ ಅತ್ತಿಗೆ, ಪಾಪ, ತಡೆಯಲಾರದೆ, ವಯಸ್ಸಾದವರನ್ನು ನೋಡಿಕೊಳ್ಳುವುದು ಆಡಿದಷ್ಟು ಸುಲಭವಲ್ಲ ಎಂದು ಒಂದೇ ಒಂದು ಮಾತು ಅಂದಳು. ಅಷ್ಟು ಸಾಕಾಯಿತು. ಕೌಂಟರಕ್ಕ ತಟ್ಟೆ ಪಕ್ಕಕ್ಕೆ ಸರಿಸಿ ಎದೆ ತಟ್ಟಿಕೊಂಡಳು.

"ನಮ್ಮಮ್ಮ ನನಗೇನು ಭಾರ ಅಲ್ಲ. ನಾನು ಕರ್ಕೊಂಡು ಹೋಗ್ತೀನಿ. ಕೊನೇವರೆಗೂ ನಾನೇ ನೋಡ್ಕೋತೀನಿ."

ಚಿಕ್ಕಪ್ಪ ಕಣ್ಣೊರೆಸಿಕೊಂಡ. ದೊಡ್ಡಮ್ಮ, ಹೆಣ್ಣುಮಕ್ಕಳ ಕರುಳೇ ಬೇರೆ ಎಂದಳು. ತಾಯಿ ಮಗಳ ಕೈ ಹಿಡಿದುಕೊಂಡವಳು ಊಟ ಮುಗಿದರೂ ಬಿಡಲಿಲ್ಲ. ಅಣ್ಣ ತಲೆ ತಗ್ಗಿಸಿದ. ಅತ್ತಿಗೆಯೊಬ್ಬಳೇ ತಣ್ಣಗೆ, "ಯಾವಾಗ?" ಎಂದು ಕೇಳಿದಳು.

ಅದಕ್ಕೆ ಉತ್ತರ ಬಚ್ಚಲಿನಲ್ಲಿತ್ತು. ಕೌಂಟರಕ್ಕನ ಮನೆಯಲ್ಲಿ ಇದ್ದ ಒಂದೇ ಬಚ್ಚಲು ಮೇಲಿನ ಅಂತಸ್ತಿನಲ್ಲಿತ್ತು. ಕೆಳಗೆ ಮೆಟ್ಟಿಲ ಪಕ್ಕ ಒಂದು ಉಗ್ರಾಣದ ಕೋಣೆ. ಹಳೆಯ ಹಾಸಿಗೆ, ಮುರಿದ ಫ್ಯಾನು, ಗಂಡನ ಅಂಗಡಿಯ ಖಾಲಿ ಡಬ್ಬಗಳು. ಅದನ್ನು ಬಚ್ಚಲು ಮಾಡಿಸುವುದು, ಮುಗಿದ ದಿನವೇ ಅಮ್ಮನನ್ನು ಕರೆತರುವುದು ಎಂದು ಎಲ್ಲರೂ ಒಪ್ಪಿದರು. ಇಷ್ಟೇ ಕೆಲಸ. ನಲ್ಲಿ, ಕೊಳಾಯಿ, ಕಮೋಡು ಎಲ್ಲ ಬೇಗ ಬೇಗ ಕೂತವು. ಉಳಿದದ್ದು ನೆಲ.

ಕಾಲು ಜಾರದ, ಒರಟಾದ, ಸಾದಾ ಬೂದು ಬಣ್ಣದ ಟೈಲು ತನ್ನಿ ಎಂದು ಕೌಂಟರಕ್ಕ ಗಂಡನಿಗೆ ಬಿಡಿಸಿ ಬಿಡಿಸಿ ಹೇಳಿ ಕಳಿಸಿದ್ದಳು. ಅವನು ತಂದದ್ದು ಬಳ್ಳಿಯ ಚಿತ್ರದ ಟೈಲು. ಕೆಲವುಗಳ ಮೇಲೆ ಬಳ್ಳಿ ನೆಟ್ಟಗೆ ಹೋಗಿದೆ, ಕೆಲವುಗಳ ಮೇಲೆ ಬಾಗಿದೆ. ಒಂದಿಷ್ಟನ್ನು ಹಜಾರದಲ್ಲಿ ಹರವಿ, ಕಾಲಿನ ಹೆಬ್ಬೆರಳಿನಿಂದ ತಿರುಗಿಸಿ ತಿರುಗಿಸಿ ತೋರಿಸಿದ. ಮುಖ ಅರಳಿದ್ದು ನೋಡಬೇಕಿತ್ತು, ಲಾಟರಿ ಹೊಡೆದವನೂ ಅಷ್ಟು ಹಿಗ್ಗುವುದಿಲ್ಲ.

"ನೋಡೇ, ನನ್ನ ಆಟಾನೇ ಇದು!"

ಟೈಲು ಒರಟಾಗಿಯೂ ಇತ್ತು, ಕಾಲೂ ಜಾರುತ್ತಿರಲಿಲ್ಲ; ಬೈಯಲು ಕೌಂಟರಕ್ಕನಿಗೆ ಸರಿಯಾದ ಕಾರಣ ಸಿಗಲಿಲ್ಲ. ಆದರೂ ಬೈದಳು.

ಟೈಲು ಹಾಕಲು ಬಂದ ಗಾರೆಯವನಿಗೆ ಊರೆಲ್ಲ ಇಟ್ಟ ಹೆಸರು ರಸಮಟ್ಟ. ನೆಲ ಸಮವಾಗಿದೆಯೇ ಎಂದು ನೋಡುವ ಆ ಗುಳ್ಳೆಯ ಪಟ್ಟಿಯನ್ನು ಅವನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇರುತ್ತಿದ್ದ, ಕಂಡಕಂಡದ್ದರ ಮೇಲೆಲ್ಲ ಇಡುತ್ತಿದ್ದ. ಟೀ ತಂದುಕೊಟ್ಟರೆ ಮೊದಲು ಮೇಜಿನ ಮೇಲೆ ಅದನ್ನು ಇಟ್ಟು ನೋಡಿ, ನಿಮ್ಮ ಮೇಜು ಸೊಟ್ಟಗಿದೆ ಅಕ್ಕಾ ಎನ್ನುತ್ತಿದ್ದ. ಅವನು ಹಾಕಿದ ನೆಲಗಳೂ ಸೊಟ್ಟಗೇ ಇರುತ್ತಿದ್ದವು, ಅದು ಬೇರೆ ಮಾತು. ದಿನಗೂಲಿಯ ಮೇಲೆ ಬರುತ್ತಿದ್ದನಾದ್ದರಿಂದ ಅವಸರ ಎಂಬುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಸಿಮೆಂಟು ಹಾಕುವ ಮೊದಲು ಟೈಲುಗಳನ್ನು ಹಾಗೇ ಮರಳಿನ ಮೇಲೆ ಜೋಡಿಸಿ ನೋಡುವುದು ಅವರ ಕೆಲಸದ ಕ್ರಮ. ಜೋಡಿಸಿದ. ಕನ್ನಡಕದವನು ಸ್ಟೂಲು ಹತ್ತಿ ಮೇಲಿನಿಂದ ಒಂದು ಫೋಟೋ ಹೊಡೆದುಕೊಂಡು ಅಂಗಡಿಗೆ ಹೋದ. ಅಲ್ಲಿಂದ ಒಂದರ ಹಿಂದೆ ಒಂದು ಅಪ್ಪಣೆ ಬರತೊಡಗಿದವು. ಎರಡನೇ ಸಾಲಿನ ಎಡಗಡೆಯದನ್ನು ಕಾಲು ಸುತ್ತು ತಿರುಗಿಸು. ಅದರ ಕೆಳಗಿನದನ್ನು ಅರ್ಧ ಸುತ್ತು. ರಸಮಟ್ಟ ಹೇಳಿದ್ದನ್ನು ಹೇಳಿದಂತೆ ಮಾಡಿದ. ಆದರೆ ಅವನು ನಿಂತದ್ದು ಕೋಣೆಯ ಈಚೆ ತುದಿಯಲ್ಲಿ, ಫೋಟೋ ಹೊಡೆದದ್ದು ಆಚೆ ತುದಿಯಿಂದ. ಸಂಜೆ ಯಜಮಾನ ಬಂದು ನೋಡಿದರೆ ಬಳ್ಳಿ ಎಂಬುದು ಕೊಚ್ಚಿ ಹಾಕಿದ ಸೊಪ್ಪಿನಂತೆ ಬಿದ್ದಿತ್ತು. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟುಕೊಂಡು, ಎಡ ಯಾವುದು ಬಲ ಯಾವುದು ಎಂದು ಕತ್ತಲಾಗುವವರೆಗೂ ಚರ್ಚೆ ಮಾಡಿದರು. ಮರುದಿನ ಮೊದಲಿನಿಂದ ಶುರು.

ಹೇಗೋ ಬಳ್ಳಿ ಒಂದು ಹದಕ್ಕೆ ಬಂತು ಎನ್ನುವಾಗ ಹೊಸ ತಕರಾರು ಎದ್ದಿತು. ನೀರು ಹೋಗುವ ತೂತು ಸರಿಯಾಗಿ ಬಳ್ಳಿಯ ಬಾಗಿನ ಮೇಲೆ ಬರುತ್ತಿತ್ತು. ಜಾಲರಿ ಕೂರಿಸಿದರೆ ಬಳ್ಳಿ ಅಲ್ಲಿ ಕಡಿಯುತ್ತದೆ. ಕನ್ನಡಕದವನಿಗೆ ಅನ್ನ ಸೇರಲಿಲ್ಲ. ಒಂದು ಬಾಯಿ ತೆರೆದಿದ್ದರೂ ಇಡೀ ಆಟ ಕೆಟ್ಟ ಹಾಗೆಯೇ ಎಂದು ರಸಮಟ್ಟನಿಗೆ ಬೋಧನೆ ಮಾಡಿದ. ರಸಮಟ್ಟ ತಲೆ ಕೆರೆದುಕೊಂಡು, ನೀವು ಹೇಳೋದೂ ಸರಿ ಸಾರ್ ಎಂದ. ಅವನು ಯಾವ ಮನೆಯಲ್ಲೂ ಯಜಮಾನನಿಗೆ ಎದುರಾಡಿದವನಲ್ಲ, ಅದಕ್ಕೇ ಅವನಿಗೆ ಇಷ್ಟು ಮನೆಗಳ ಕೆಲಸ. ಇಬ್ಬರೂ ಸೇರಿ ತೂತಿನ ಮೇಲೆ ಇಡೀ ಟೈಲು ಕೂರಿಸಿ, ಸಿಮೆಂಟು ಬಳಿದು, ಒಣಗಲು ಬಿಟ್ಟು, ಒಣಗಿದ ಮೇಲೆ ಎರಡು ಬಕೆಟ್ ನೀರು ಸುರಿದು ನೋಡಿದರು.

ಬಳ್ಳಿ ಮುತ್ತಿನ ಹಾಗೆ ಹೊಳೆಯಿತು. ನೀರು ಹೋಗುವುದೆಲ್ಲಿಗೆ? ಸ್ವಲ್ಪ ಹೊತ್ತು ನಿಂತು ಯೋಚಿಸಿದಂತೆ ಮಾಡಿ, ಹೊಸ್ತಿಲು ದಾಟಿ, ಹಜಾರಕ್ಕೆ ಬಂದು, ಚಪ್ಪಲಿ ಸ್ಟ್ಯಾಂಡಿನ ಕೆಳಗೆ ನುಗ್ಗಿತು. ಕೆಲಸದಿಂದ ಬಂದ ಕೌಂಟರಕ್ಕ ಬಾಗಿಲು ತೆಗೆದರೆ ಅವಳ ಒಂದು ಚಪ್ಪಲಿ ತಾನಾಗಿಯೇ ಎದುರುಗೊಳ್ಳಲು ತೇಲಿ ಬಂತು. ಗಂಡ ಒಳಗಿನಿಂದ, ಬಳ್ಳಿ ನೋಡೇ ಎಷ್ಟು ಚೆನ್ನಾಗಿದೆ ಎನ್ನುತ್ತಿದ್ದ. ಅವಳು ಅಂದು ಅಂದ ಮಾತುಗಳನ್ನು ಬರೆಯುವುದು ಮರ್ಯಾದೆಯಲ್ಲ.

ಕಿತ್ತರು. ಮತ್ತೆ ಜೋಡಿಸಿದರು. ಈ ನಡುವೆ ಇನ್ನೊಂದು ಅನಾಹುತವಾಯಿತು. ತನ್ನ ಮನಸ್ಸಿನಲ್ಲಿರುವುದು ಇವನ ತಲೆಗೆ ಹೋಗಬೇಕಾದರೆ ಇದೊಂದೇ ದಾರಿ ಎಂದುಕೊಂಡು ಕನ್ನಡಕದವನು ಆ ಆಟವನ್ನು ರಸಮಟ್ಟನ ಫೋನಿಗೂ ಹಾಕಿಕೊಟ್ಟ. ಅಲ್ಲಿಗೆ ಮುಗಿಯಿತು. ಅಂಗಡಿಗೆ ರಜೆ ಇದ್ದ ದಿನ ಕೌಂಟರಕ್ಕ ಇಣುಕಿ ನೋಡಿದರೆ ಮರಳಿನ ಗುಡ್ಡೆಯ ಪಕ್ಕ ಎರಡು ಬಕೆಟ್ ಬೋರಲು ಹಾಕಿಕೊಂಡು ಇಬ್ಬರೂ ಕೂತಿದ್ದಾರೆ, ಕತ್ತು ಬಗ್ಗಿದೆ, ಹೆಬ್ಬೆರಳು ಕುಣಿಯುತ್ತಿದೆ. ಕಲಸಿಟ್ಟ ಸಿಮೆಂಟು ಬಾಣಲೆಯಲ್ಲೇ ಕಲ್ಲಾಗಿದೆ. ನೀವು ಯಾವ ಮಟ್ಟದಲ್ಲಿದ್ದೀರಿ ಸಾರ್ ಎಂದು ಅವನು ಕೇಳಿದರೆ ಇವನು ಗುರುವಿನ ಗತ್ತಿನಲ್ಲಿ ಮೀಸೆಯಲ್ಲೇ ನಗುತ್ತಿದ್ದ.

ಆಸ್ಪತ್ರೆಯಲ್ಲಿ ಈ ಕತೆಗೆ ಬಹಳ ಗಿರಾಕಿಗಳಿದ್ದರು. ನರ್ಸುಗಳು ಬೆಳಿಗ್ಗೆ ಬಂದ ತಕ್ಷಣ ಕೌಂಟರಿಗೆ ಮೊಳಕೈ ಊರಿ, ಎಲ್ಲಿವರೆಗೆ ಬಂತು ಅಕ್ಕಾ ಬಳ್ಳಿ ಎಂದು ಕೇಳುವರು. ಕೌಂಟರಕ್ಕ ಹಣೆ ಚಚ್ಚಿಕೊಂಡು ಶುರುಮಾಡುವಳು. ತೇಲಿ ಬಂದ ಚಪ್ಪಲಿಯ ಭಾಗ ಬರುವ ಹೊತ್ತಿಗೆ ಔಷಧದ ಅಂಗಡಿಯವನೂ ಬಂದು ಸೇರಿರುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕು, ಕೊನೆಗೆ, ಪಾಪ ನಿಮ್ಮ ಜಾಗದಲ್ಲಿ ಬೇರೆ ಯಾರಿದ್ದರೂ ಹುಚ್ಚು ಹಿಡಿಯುತ್ತಿತ್ತು, ತಾಯಿಯನ್ನು ಕರೆತರಬೇಕು ಅಂತ ಎಷ್ಟು ಒದ್ದಾಡುತ್ತಿದ್ದೀರಿ ಎಂದು ಮರುಗುವರು. ಕೌಂಟರಕ್ಕ ನಿಟ್ಟುಸಿರು ಬಿಡುವಳು. ಆ ನಿಟ್ಟುಸಿರು ದಿನದಿಂದ ದಿನಕ್ಕೆ ಚೆನ್ನಾಗಿ ಪಳಗುತ್ತಿತ್ತು.

ಅತ್ತಿಗೆ ಆಗಾಗ ಫೋನು ಮಾಡಿ, ಆಯ್ತಾ ಎಂದು ಕೇಳುತ್ತಿದ್ದಳು. ಆ ಒಂದು ಪದದಲ್ಲಿ ಅವಳು ಏನೇನನ್ನು ತುಂಬಬಲ್ಲಳು ಎಂಬುದು ಕೇಳಿಸಿಕೊಂಡವರಿಗೇ ಗೊತ್ತು. ಕೌಂಟರಕ್ಕ ಗಂಡನನ್ನೂ ಗಾರೆಯವನನ್ನೂ ಸೇರಿಸಿ ಬಾಯಿಗೆ ಬಂದಂತೆ ಬೈದು, ಇನ್ನೇನು ಆಗೇಹೋಯಿತು ಎನ್ನುವಳು. ಆಮೇಲೆ ಟೀ ಮಾಡಿಕೊಂಡು, ತನಗೆ ಬೇಕಾದ ಕುರ್ಚಿಯಲ್ಲಿ, ಬೇಕಾದ ಹಾಗೆ ಕಾಲು ನೀಡಿಕೊಂಡು ಕೂತು ಕುಡಿಯುವಳು.

ಆ ಕಾಲು ನೀಡುವ ವಿಷಯ ಸಣ್ಣದಲ್ಲ. ಮಂಡಿ ಚೆನ್ನಾಗಿದ್ದ ಕಾಲದಲ್ಲಿ ಅಮ್ಮ ಒಮ್ಮೆ ಬಂದು ಉಳಿದುಕೊಂಡಿದ್ದಳು. ಬಂದ ದಿನವೇ ಅಡುಗೆಮನೆಯ ಡಬ್ಬಗಳೆಲ್ಲ ಜಾಗ ಬದಲಿಸಿದವು. ಕೌಂಟರಕ್ಕ ಬಟ್ಟೆ ಮಡಿಸಿಟ್ಟರೆ ಅಮ್ಮ ಹಿಂದೆಯೇ ಬಂದು ಬಿಡಿಸಿ, ಹೀಗಲ್ಲ ಪುಟ್ಟೀ ಎಂದು ಮತ್ತೆ ಮಡಿಸುವಳು. ಬೈಗುಳವಿಲ್ಲ, ಜಗಳವಿಲ್ಲ, ಬರೀ ಪ್ರೀತಿ. ಊಟ ಮಾಡುವಾಗ ಎದುರು ಕೂತು ಮುಖವನ್ನೇ ನೋಡುವಳು; ಇಳಿದು ಹೋಗಿದ್ದೀಯ ಎನ್ನುವಳು. ಕೆಲಸದಿಂದ ಬಂದರೆ ಬಾಗಿಲಲ್ಲೇ ನಿಂತು, ಯಾಕೆ ತಡವಾಯಿತು ಎನ್ನುವಳು. ಇಡೀ ಆಸ್ಪತ್ರೆಯನ್ನು ಬೆರಳ ತುದಿಯಲ್ಲಿ ಆಡಿಸುವ ಹೆಂಗಸು ತನ್ನ ಮನೆಯ ಹೊಸ್ತಿಲಿಗೆ ಬಂದ ಕೂಡಲೇ ಎರಡು ಜಡೆಯ ಹುಡುಗಿಯಾಗಿಬಿಡುತ್ತಿದ್ದಳು. ಅಮ್ಮ ಹೊರಟ ದಿನ ಕಣ್ಣೀರು ಹಾಕಿದ್ದು ನಿಜ. ಬಾಗಿಲು ಹಾಕಿಕೊಂಡು ಡಬ್ಬಗಳನ್ನು ಒಂದೊಂದಾಗಿ ಹಳೆಯ ಜಾಗಕ್ಕೆ ಇಟ್ಟದ್ದೂ ನಿಜ. ಆದರೆ ಇದನ್ನೆಲ್ಲ ಅವಳು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಹೇಳಿಕೊಳ್ಳುವ ಅಗತ್ಯವೂ ಬಿದ್ದಿರಲಿಲ್ಲ, ಆಟ ಆಡುವ ಗಂಡನಿದ್ದನಲ್ಲ.

ಅಂಥ ಗಂಡನೇ ಒಂದು ದಿನ ಕೈಕೊಟ್ಟ. ಆಟ ಮುಗಿದುಹೋಯಿತು.

ಅದಕ್ಕೂ ಒಂದು ಕೊನೆ ಇದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಕಟ್ಟಕಡೆಯ ಮಟ್ಟ ಮುಗಿಸಿದ. ಗಂಟೆ ಬಾರಿಸಿತು, ಅಕ್ಷರ ಕುಣಿಯಿತು, ಆಮೇಲೆ ಪರದೆ ಬೆಳ್ಳಗಾಗಿ, ಎಲ್ಲ ಮಟ್ಟಗಳನ್ನೂ ನೀವು ಮುಗಿಸಿದ್ದೀರಿ ಎಂದು ಒಂದು ಸಾಲು ಬಂತು. ಅಷ್ಟೇ. ಆ ಸಾಲಿನಲ್ಲಿ ಅದ್ಭುತ ಎಂದೂ ಇರಲಿಲ್ಲ. ಕನ್ನಡಕದವನು ಸ್ವಲ್ಪ ಹೊತ್ತು ಫೋನು ತಿರುಗಿಸಿ ಮುರುಗಿಸಿ ನೋಡಿದ. ಮೊದಲಿನಿಂದ ಆಡೋಣವೆಂದು ಹೊರಟರೆ ಎಲ್ಲ ಬಾಯಿಪಾಠವಾಗಿತ್ತು, ಎರಡು ನಿಮಿಷಕ್ಕೆ ಆಕಳಿಕೆ ಬಂತು. ಸಾವಿನ ಮನೆಯಿಂದ ಬಂದವನ ಹಾಗೆ ಮುಖ ಮಾಡಿಕೊಂಡು ಮನೆಗೆ ಬಂದ. ಬಳ್ಳಿ ಹೀಗೆ ಬರಬೇಕೇ ಸಾರ್, ಹಾಗೆ ಬರಬೇಕೇ ಎಂದು ರಸಮಟ್ಟ ಕೇಳಿದರೆ, ಹೇಗಾದರೂ ಹಾಕು ಮಾರಾಯ ಎಂದು ಕೈ ಚೆಲ್ಲಿದ. ಗುರುವೇ ಸನ್ಯಾಸ ತೆಗೆದುಕೊಂಡ ಮೇಲೆ ಶಿಷ್ಯನಿಗೂ ಆಟದ ರುಚಿ ಕೆಟ್ಟಿತು. ಬೇರೆ ಮನೆಯವರು ಕರೆಯುತ್ತಲೂ ಇದ್ದರು. ಕೂತು ಕೆಲಸ ಮಾಡಿದ.

ಕೌಂಟರಕ್ಕ ಸಂಜೆ ಮನೆಗೆ ಬಂದರೆ ಹಜಾರದಲ್ಲಿ ಮರಳಿಲ್ಲ. ಬೋರಲು ಹಾಕಿದ ಬಕೆಟ್ಟಿಲ್ಲ. ಬಚ್ಚಲಿಗೆ ಬಾಗಿಲು ಕೂತಿದೆ. ರಸಮಟ್ಟ ಕರಣೆ ಉಳಿ ಎಲ್ಲ ತೊಳೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾನೆ. ಗಂಡ ಸೋಫಾದಲ್ಲಿ ಸುಮ್ಮನೆ ಕೂತಿದ್ದಾನೆ.

"ಮುಗೀತು. ಬೆಳಿಗ್ಗೆ ಹೋಗಿ ಅತ್ತೇನ ಕರ್ಕೊಂಡು ಬರೋಣ, ಅಂಗಡಿ ಮುಚ್ಚಿದ್ರಾಯ್ತು," ಎಂದ.

ಇಂಥ ಜವಾಬ್ದಾರಿಯ ಮಾತನ್ನು ಅವನ ಬಾಯಿಂದ ಕೇಳಲು ಅವಳು ಎಷ್ಟು ವರ್ಷ ಕಾದಿದ್ದಳೋ ಏನೋ. ಕೇಳಿದ ಕೂಡಲೇ ಅವಳು ಚೀಲವನ್ನು ಕೆಳಗಿಡದೆಯೇ ಬಚ್ಚಲಿಗೆ ನಡೆದಳು. ದೀಪ ಹಾಕಿದಳು. ನೆಲ ಚೆನ್ನಾಗಿತ್ತು. ಜಾಲರಿ ಅದರ ಜಾಗದಲ್ಲಿತ್ತು. ಒಂದು ತಂಬಿಗೆ ನೀರು ಚೆಲ್ಲಿದಳು, ಸರಸರನೆ ಅದೇ ಕಡೆಗೆ ಹೋಯಿತು. ಕಾಲಿನಿಂದ ಉಜ್ಜಿದಳು, ಜಾರಲಿಲ್ಲ. ಹಿಡಿದುಕೊಳ್ಳಲು ಗೋಡೆಗೆ ಕಂಬಿಯನ್ನೂ ಹಾಕಿದ್ದ ಪುಣ್ಯಾತ್ಮ. ಕೌಂಟರಕ್ಕ ಬಗ್ಗಿ ಒಂದೊಂದೇ ಟೈಲನ್ನು ನೋಡುತ್ತ ಹೋದಳು. ಹುಡುಕುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಏನನ್ನು ಎಂಬುದೂ ಗೊತ್ತಿತ್ತು. ಬಾಗಿಲ ಹಿಂದಿನ ಮೂಲೆಯಲ್ಲಿ ಸಿಕ್ಕಿತು. ಒಂದು ಟೈಲಿನ ಬಳ್ಳಿ ಪಕ್ಕದ್ದಕ್ಕೆ ಕೂಡದೆ ಗೋಡೆಗೆ ಮುಖ ಮಾಡಿತ್ತು.

ಅವಳಿಗೆ ಎದೆ ಹಗುರವಾಯಿತು. ಅದರ ಹಿಂದೆಯೇ ನಾಚಿಕೆಯೂ ಆಯಿತು, ಆದರೆ ಅದು ಸ್ವಲ್ಪ ತಡವಾಗಿ ಬಂತು. ಅಷ್ಟರಲ್ಲಿ ಅವಳು ಕೂಗಿ ಆಗಿತ್ತು.

"ಇದೇನಿದು? ಇದನ್ನ ಕೆಲಸ ಅಂತಾರಾ? ಕೀಳಿ ಇದನ್ನ."

ರಸಮಟ್ಟ ಬಂದು ನೋಡಿದ. ಬಾಗಿಲು ತೆರೆದರೆ ಆ ಮೂಲೆ ಕಾಣುವುದೇ ಇಲ್ಲ, ಸಾಲದ್ದಕ್ಕೆ ಅಲ್ಲಿ ಬಕೆಟ್ಟು ಬರುತ್ತದೆ ಎಂದ. ಗಂಡನೂ ಎದ್ದು ಬಂದು ಇಣುಕಿ, ಹೋಗಲಿ ಬಿಡೇ, ಅಷ್ಟಕ್ಕೆಲ್ಲ ಯಾರು ಒಡೆಸುತ್ತಾರೆ ಎಂದ. ಬಳ್ಳಿಗಾಗಿ ಮನೆಯನ್ನೇ ಕೆರೆ ಮಾಡಿದವನ ಬಾಯಲ್ಲಿ ಬಂದ ಮಾತಿದು. ಒಂದು ಟೈಲು ಕೀಳಬೇಕಾದರೆ ಅಕ್ಕಪಕ್ಕದ ನಾಲ್ಕು ಬಿರುಕು ಬಿಡುತ್ತವೆ, ಆ ನಾಲ್ಕಕ್ಕೆ ಇನ್ನಷ್ಟು ಎಂದು ರಸಮಟ್ಟ ಎಚ್ಚರಿಸಿದ. ಅಂಗಡಿಯಲ್ಲಿ ಆ ಬಳ್ಳಿಯ ಟೈಲು ಮುಗಿದಿದೆ, ಹೊಸ ಸರಕು ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ ಎಂದೂ ಹೇಳಿದ. ಕೌಂಟರಕ್ಕ ಎಲ್ಲವನ್ನೂ ಕಿವಿಗೊಟ್ಟು ಕೇಳಿದಳು.

"ಪರವಾಗಿಲ್ಲ. ಕೀಳಿ," ಎಂದಳು.

ರಸಮಟ್ಟ ಯಜಮಾನನ ಮುಖ ನೋಡಿದ. ಯಜಮಾನ ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷಗಳಲ್ಲಿ ಅವಳ ಮುಖವನ್ನು ಅಷ್ಟು ಹೊತ್ತು, ಕೈಯಲ್ಲಿ ಫೋನಿಲ್ಲದೆ, ಅವನು ನೋಡಿರಲಿಲ್ಲ. ಏನು ಕಂಡಿತೋ, ಪಕ್ಕಕ್ಕೆ ಸರಿದು ರಸಮಟ್ಟನಿಗೆ ದಾರಿ ಬಿಟ್ಟ. ರಸಮಟ್ಟ ಚೀಲಕ್ಕೆ ಹಾಕಿದ್ದ ಉಳಿ ಸುತ್ತಿಗೆಗಳನ್ನು ಮತ್ತೆ ತೆಗೆದ.

ಮೊದಲ ಏಟು ಬೀಳುವುದಕ್ಕೂ ಫೋನು ಬರುವುದಕ್ಕೂ ಸರಿಹೋಯಿತು. ಅತ್ತಿಗೆಯ ನಂಬರು. ಆದರೆ ಮಾತಾಡಿದ್ದು ಅಮ್ಮ.

"ಪುಟ್ಟೀ, ಆಯ್ತೇನೇ?"

"ಎಲ್ಲಾಯ್ತಮ್ಮ, ಇವರ ಆಟ ನಿನಗೆ ಗೊತ್ತಲ್ಲ. ಬಳ್ಳಿ ಸರಿಯಾಗಿ ಬಂದಿಲ್ಲ ಅಂತ ಮತ್ತೆ ಹಿಡ್ಕೊಂಡು ಕೂತಿದ್ದಾರೆ."

ಹಾಗೆ ಕೂತಿದ್ದವನು ಎರಡು ಮಾರು ದೂರದಲ್ಲಿ ಗೋಡೆಗೊರಗಿ ನಿಂತು ಕೇಳುತ್ತಿದ್ದ. ಒಳಗೆ ಸುತ್ತಿಗೆ ಒಂದೇ ಸಮನೆ ಬೀಳತೊಡಗಿತ್ತು.

"ಅಯ್ಯೋ, ಅವರನ್ನ ಬೈಬೇಡ್ವೇ," ಎಂದಳು ಅಮ್ಮ. "ನಂಗೆ ಇಲ್ಲಿಗೇ ಕೇಳಿಸ್ತಿದೆ, ಟಕ್ ಟಕ್ ಅಂತ. ಇಷ್ಟು ಹೊತ್ತಾದ್ರೂ ಕೆಲಸ ಮಾಡಿಸ್ತಿದ್ದಾರಲ್ಲ, ನನಗೋಸ್ಕರ." ಆಮೇಲೆ ಅವಳ ಧ್ವನಿ ಆಚೆ ತಿರುಗಿತು, ಸೊಸೆಯನ್ನು ಕರೆಯುತ್ತಿದ್ದಳು. "ಬಾರೇ ಇಲ್ಲಿ, ನೀನೂ ಕೇಳು. ಮಾಡಿಸೋದೇ ಇಲ್ಲ ಅಂತಿದ್ದೆಯಲ್ಲ, ಕೇಳು ಹೇಗೆ ನಡೀತಿದೆ."

ಅತ್ತಿಗೆ ಬಂದು ಕೇಳಿಸಿಕೊಂಡಿರಬೇಕು. ಕೌಂಟರಕ್ಕ ಅವಸರದಲ್ಲಿ, ಇಡ್ತೀನಮ್ಮ ಎಂದಳು.

"ಇಡಬೇಡ್ವೇ. ಸ್ವಲ್ಪ ಹೊತ್ತು ಹಾಗೇ ಹಿಡ್ಕೊಂಡಿರು," ಎಂದಳು ಅಮ್ಮ. "ಕೇಳ್ತಾ ಇರ್ತೀನಿ."

ಕೌಂಟರಕ್ಕ ಫೋನನ್ನು ಬಚ್ಚಲಿನ ಬಾಗಿಲಿಗೆ ಹಿಡಿದು ನಿಂತಳು. ರಸಮಟ್ಟ ಮೂಲೆಯ ಟೈಲನ್ನು ಎಬ್ಬಿಸಿ ಆಚೆಗಿಟ್ಟು, ಅದರ ಪಕ್ಕದ್ದಕ್ಕೆ ಉಳಿ ಹಚ್ಚಿದ.